ಹಾಡಿಗೆ ಕಟ್ಟುವ ಬಾಡಿಗೆ

ಮೊಬೈಲಿನಲ್ಲಿ ಹಾಡು ಕೇಳಲು ತಿಂಗಳು ತಿಂಗಳು ದುಡ್ಡು ಕಟ್ಟಬೇಕೇ ಎಂದರೆ ನಮ್ಮ ಹೊಸಪೇಟೆ ಕಡೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಯೂಟ್ಯೂಬ್ ಪುಕ್ಕಟೆ ಇರುವಾಗ ದುಡ್ಡು ಯಾಕೆ ಎಂಬುದು ಒಂದು. ನೂರು, ನೂರೈವತ್ತು ಏನು ಮಹಾ, ಒಂದು ಹೊತ್ತಿನ ಊಟದ ದುಡ್ಡು ಎಂಬುದು ಇನ್ನೊಂದು. ದುಡ್ಡು ಕಟ್ಟಿಯೂ ಕಟ್ಟದೆಯೂ ಕೇಳಿದವನಾಗಿ ನನಗೆ ಈ ಎರಡೂ ಒಪ್ಪಿಗೆಯಿಲ್ಲ. ಪುಕ್ಕಟೆ ಎನ್ನುವವರು ತಮ್ಮ ಸಮಯವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಏನು ಮಹಾ ಎನ್ನುವವರು ಆ ದುಡ್ಡಿಗೆ ಕೈಗೆ ಬಂದದ್ದೇನು ಎಂದು ನೋಡಿಲ್ಲ. ಚಂದಾ ಕಟ್ಟಿದರೆ ನಮಗೆ ಸಿಗುವುದು ಸೌಕರ್ಯ. ಅದು ಬೇಕಾದವರು ಬೇಕಾದ ತಿಂಗಳು ಕಟ್ಟಲಿ. ಅದರಿಂದ ಹಾಡು ನಮ್ಮದಾಯಿತು, ಹಾಡಿದವರಿಗೂ ನಮ್ಮ ದುಡ್ಡು ಮುಟ್ಟಿತು ಎಂದು ಮಾತ್ರ ತಿಳಿಯಬಾರದು.

ಮೊದಲು ಸೌಕರ್ಯದ ಲೆಕ್ಕವನ್ನೇ ನೋಡೋಣ. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದಾಗ ಒಬ್ಬರ ಚಂದಾ ತಿಂಗಳಿಗೆ 119 ರೂಪಾಯಿ ಇತ್ತು. ಮರುತಿಂಗಳು ಬಂದ ಯೂಟ್ಯೂಬ್ ಮ್ಯೂಸಿಕ್ 99ಕ್ಕೆ ಸಿಗುತ್ತಿತ್ತು. ಆಮೇಲೆ ದರ ಏರುತ್ತಲೇ ಬಂದಿದೆ. ಯೂಟ್ಯೂಬ್ ಪ್ರೀಮಿಯಂ 129 ಇದ್ದದ್ದು 2024ರ ಆಗಸ್ಟಿನಲ್ಲಿ 149 ಆಯಿತು. ಹಳೆಯ 119ರ ಲೆಕ್ಕವನ್ನೇ ಹಿಡಿದರೂ ವರ್ಷಕ್ಕೆ 1,428 ರೂಪಾಯಿ. ಇದಕ್ಕೆ ಪ್ರತಿಯಾಗಿ ಜಾಹೀರಾತಿನ ಕಾಟ ತಪ್ಪುತ್ತದೆ, ಬೇಕಾದ ಹಾಡನ್ನು ಬೇಕಾದ ಕ್ರಮದಲ್ಲಿ ಹಾಕಿಕೊಳ್ಳಬಹುದು, ಯೂಟ್ಯೂಬಿನಲ್ಲಾದರೆ ಸ್ಕ್ರೀನ್ ಆರಿಸಿಟ್ಟೂ ಕೇಳಬಹುದು, ಡೌನ್‌ಲೋಡ್ ಮಾಡಿಕೊಂಡು ನೆಟ್‌ವರ್ಕ್ ಇಲ್ಲದ ಕಡೆಯೂ ಕೇಳಬಹುದು. ಇದರಲ್ಲಿ ಕೆಲವು ಮೊದಲು ಪುಕ್ಕಟೆಯವರಿಗೂ ಇದ್ದವು. 2023ರ ಅಕ್ಟೋಬರಿನಲ್ಲಿ ಸ್ಪಾಟಿಫೈ ಇಲ್ಲಿನ ಪುಕ್ಕಟೆ ಕೇಳುಗರಿಂದ ಹಾಡನ್ನು ಹಿಂದೆ ಮುಂದೆ ಸರಿಸುವ, ಕ್ರಮವಾಗಿ ಕೇಳುವ ಅನುಕೂಲಗಳನ್ನು ಕಿತ್ತುಕೊಂಡಿತು. ಎಂದರೆ ನಾವು ಕೊಡುವ ದುಡ್ಡಿನಲ್ಲಿ ಒಂದು ಪಾಲು, ಅವರೇ ತಂದೊಡ್ಡಿದ ಕಿರಿಕಿರಿಯಿಂದ ಬಿಡುಗಡೆಗೆ ಹೋಗುತ್ತದೆ. ವ್ಯಾಪಾರ ಎಂದಮೇಲೆ ಇದೆಲ್ಲ ಇದ್ದದ್ದೇ.

ಹಾಗಿದ್ದರೂ ಈ ಸೌಕರ್ಯ ನಿಜಕ್ಕೂ ದುಡಿಯುವ ಜಾಗಗಳು ನಮ್ಮಲ್ಲಿವೆ. ಸಂಡೂರು ಸುತ್ತಲೂ ಬೆಟ್ಟವಿರುವ ಊರು. ದೋಣಿಮಲೈ, ದೇವಗಿರಿಯ ಗಣಿಗಳಿಗೆ ಶಿಫ್ಟಿಗೆ ಹೋಗುವವರು, ಅದಿರು ಲಾರಿ ಓಡಿಸುವವರು, ಕುಮಾರಸ್ವಾಮಿ ಬೆಟ್ಟದ ಕಾಡುದಾರಿಯಲ್ಲಿ ಓಡಾಡುವವರು ಸಿಗ್ನಲ್ ನಂಬಿಕೊಂಡು ಹಾಡು ಕೇಳಲಾಗದು. ಅವರಿಗೆ ಡೌನ್‌ಲೋಡ್ ಬೇಕೇ ಬೇಕು. ಡೇಟಾ ಉಳಿಯುತ್ತದೆ ಎಂದು ಚಂದಾ ಕಟ್ಟುವವರ ವಾದ ಮಾತ್ರ ನನಗೆ ಗಟ್ಟಿ ಎನಿಸುವುದಿಲ್ಲ. ಸೆಕೆಂಡಿಗೆ 320 ಕಿಲೋಬಿಟ್‌ನ ಒಳ್ಳೆಯ ಗುಣಮಟ್ಟದಲ್ಲಿ ಕೇಳಿದರೂ ಗಂಟೆಗೆ ಸುಮಾರು 144 ಎಂಬಿ. 96ಕ್ಕೆ ಇಳಿಸಿದರೆ 43 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಇದ್ದವರು ಹತ್ತು ಗಂಟೆ ಕೇಳಿದರೂ ಡೇಟಾ ಮುಗಿಯುವುದಿಲ್ಲ. ಹಾಡಿಗಾಗಿ ವಿಡಿಯೊ ಓಡಿಸುವವರದು ಮಾತ್ರ ಬೇರೆ ಲೆಕ್ಕ.

ಇನ್ನು ಹಾಡು ನಮ್ಮದಾಗುವ ಮಾತು. ಡೌನ್‌ಲೋಡ್ ಎಂಬ ಗುಂಡಿ ಒತ್ತಿದಾಗ ಹಾಡು ನಮ್ಮ ಫೋನಿಗೆ ಬರುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಆ ಆ್ಯಪ್ ಬಿಟ್ಟು ಬೇರೆಲ್ಲೂ ಅದು ನುಡಿಯುವುದಿಲ್ಲ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬರದಿದ್ದರೆ ಅಲ್ಲೂ ನಿಲ್ಲುತ್ತದೆ. ಚಂದಾ ನಿಲ್ಲಿಸಿದರಂತೂ ಮುಗಿಯಿತು. ನಾವು ಸರಿಯಾಗಿ ಕಟ್ಟುತ್ತಲೇ ಇದ್ದರೂ ಅಂಗಡಿಯೇ ಬಾಗಿಲು ಹಾಕಬಹುದು. ರೆಸ್ಸೊ ಎಂಬ ಹಾಡಿನ ಆ್ಯಪ್ 2024ರ ಜನವರಿಯಲ್ಲಿ ಭಾರತದಿಂದ ಕಾಲ್ತೆಗೆಯಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚಿತು. ವರ್ಷಗಟ್ಟಲೆ ಜೋಡಿಸಿಟ್ಟ ಹಾಡಿನ ಪಟ್ಟಿಗಳ ಗತಿ ಏನಾಯಿತು ಎಂದು ಅವನ್ನು ಬಳಸುತ್ತಿದ್ದವರನ್ನು ಕೇಳಬೇಕು. ಅಂಗಡಿ ತೆರೆದಿದ್ದರೂ ಸರಕು ಖಾಲಿಯಾಗುವುದುಂಟು. 2019ರಲ್ಲಿ ಸ್ಪಾಟಿಫೈ ಮತ್ತು ಸಾರೆಗಾಮಾ ನಡುವೆ ತಕರಾರಾಗಿ ಆ ಕಂಪನಿಯ ಹಾಡುಗಳೆಲ್ಲ ಅಲ್ಲಿಂದ ಮಾಯವಾದವು, ಮರುವರ್ಷ ಒಪ್ಪಂದವಾದ ಮೇಲಷ್ಟೇ ಮರಳಿದವು. ಸಾರೆಗಾಮಾ ಎಂದರೆ ಹಳೆಯ ಎಚ್‌ಎಂವಿ. ನಮ್ಮ ಹಿರಿಯರು ಗುನುಗುವ ಕನ್ನಡ ಚಿತ್ರಗೀತೆಗಳಲ್ಲಿ ದೊಡ್ಡ ಪಾಲು ಅದರದೇ. 2023ರಲ್ಲಿ ಝೀ ಮ್ಯೂಸಿಕ್ ಜೊತೆಗೂ ಇದೇ ಕಥೆ.

ಕ್ಯಾಸೆಟ್ ಕಾಲವೇನು ಸ್ವರ್ಗವಾಗಿತ್ತೇ, ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ತಿರುಗಿಸುತ್ತಾ ಕೂರಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಬೂಷ್ಟು ಹಿಡಿದು ಎಷ್ಟೋ ಕ್ಯಾಸೆಟ್ ಹಾಳಾದವು, ಮೆಮೊರಿ ಕಾರ್ಡುಗಳೂ ಒಂದು ದಿನ ಇದ್ದಕ್ಕಿದ್ದಂತೆ ಕೈಕೊಡುತ್ತವೆ. ಆದರೆ 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಕೊಂಡವರ ಮನೆಯಿಂದ ಅದನ್ನು ವಾಪಸು ಪಡೆಯುವ ಅಧಿಕಾರ ಯಾವ ಕಂಪನಿಗೂ ಇರಲಿಲ್ಲ. ಅದನ್ನು ನೆರೆಮನೆಗೆ ಕೊಡಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ಬಾಡಿಗೆಗೂ ಕೊಳ್ಳುವುದಕ್ಕೂ ಇರುವ ಈ ವ್ಯತ್ಯಾಸ ತಿಳಿದು ಬಾಡಿಗೆ ಕಟ್ಟಿದರೆ ನನ್ನ ತಕರಾರಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹಾಡಿದವರಿಗೆ ಏನು ಮುಟ್ಟುತ್ತದೆ ಎಂಬುದು. ನಾನು ಕೊಟ್ಟ 119 ರೂಪಾಯಿ ನಾನು ಕೇಳಿದ ಗಾಯಕರಿಗೆ ಹಂಚಿಕೆಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ದೊಡ್ಡ ಆ್ಯಪ್‌ಗಳಲ್ಲಿ ನಡೆಯುವ ಪದ್ಧತಿ ಬೇರೆ. ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ. ಕಂಪನಿ ತನ್ನ ಪಾಲು ತೆಗೆದ ಮೇಲೆ, ದೇಶದಲ್ಲಿ ಒಟ್ಟು ಎಷ್ಟು ಸಲ ಹಾಡು ನುಡಿಯಿತು, ಅದರಲ್ಲಿ ಯಾರ ಹಾಡಿನದು ಎಷ್ಟು ಪಾಲು ಎಂದು ನೋಡಿ ಹಕ್ಕುದಾರರಿಗೆ ಹಂಚುತ್ತಾರೆ. ತಿಂಗಳಿಡೀ ನಾನು ರಂಗಗೀತೆ ಬಿಟ್ಟು ಬೇರೇನೂ ಕೇಳದಿದ್ದರೂ ನನ್ನ ದುಡ್ಡಿನ ಬಹುಪಾಲು ಆ ತಿಂಗಳ ಹಿಂದಿ, ಪಂಜಾಬಿ ಹಿಟ್‌ಗಳ ಕಡೆಗೇ ಹರಿಯುತ್ತದೆ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ನುಡಿಯದ ಹಾಡಿಗೆ ಆ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ಈ ಅಳತೆಗೋಲಿನ ಮುಂದೆ ನಮ್ಮ ಸೀಮೆಯ ಸಂಗೀತವನ್ನು ಇಟ್ಟು ನೋಡಿ. ಸ್ಪಾಟಿಫೈನಲ್ಲಿ ಹಾಡು ಮೂವತ್ತು ಸೆಕೆಂಡು ಓಡಿದರೆ ಒಂದು ಸಲ ಕೇಳಿದ ಹಾಗೆ ಲೆಕ್ಕ. ಮೂವತ್ತೊಂದನೆಯ ಸೆಕೆಂಡಿಗೆ ಬಿಟ್ಟರೂ ಒಂದೇ, ಒಂದು ಗಂಟೆ ಕೂತು ಕೇಳಿದರೂ ಒಂದೇ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯ ಕಲಾವಿದೆ. ಅಕ್ಷರ ಕಲಿಯದ ಆಕೆಯ ನೆನಪಿನಲ್ಲಿದ್ದ ಕಾವ್ಯಗಳನ್ನು ಬರೆದಿಟ್ಟರೆ ಸಾವಿರಾರು ಪುಟ. 2014ರಲ್ಲಿ ಆಕೆ ತೀರಿಕೊಂಡರು. ಬುರ್ರಕಥೆ ಎಂದರೆ ಕಥೆ ಹೇಳುವವರು ತಂಬೂರಿ ಹಿಡಿದು ಒಂದು ಸೊಲ್ಲು ಎತ್ತಬೇಕು, ಪಕ್ಕದವರು ದಿಮ್ಮಿ ಬಾರಿಸುತ್ತಾ ಹ್ಞೂಂಗುಟ್ಟಬೇಕು, ನಡುವೆ ಮಾತು, ನಗೆ, ಮತ್ತೆ ಹಾಡು. ಒಂದು ಪ್ರಸಂಗಕ್ಕೆ ರಾತ್ರಿಯೇ ಬೇಕು. ಹೊಸಪೇಟೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರ ಜೋಗತಿ ನೃತ್ಯ, ಚೌಡಿಕೆ ಪದಗಳೂ ಮೂರು ನಿಮಿಷದ ತುಂಡುಗಳಲ್ಲ. ರಾತ್ರಿಯಿಡೀ ನಡೆಯುವ ಕಥೆಯನ್ನು ಇಡಿಯಾಗಿ ಹಾಕಿದರೆ ಒಂದು ಎಣಿಕೆ, ಕಾಸು ಬರಲೆಂದು ಕತ್ತರಿಸಿದರೆ ಕಥೆ ಕೆಡುತ್ತದೆ. ಅದರ ಮೇಲೆ, ಧ್ವನಿಮುದ್ರಿಸಿದವರೇ ಹಕ್ಕುದಾರರಾಗಿದ್ದರೆ ಹಾಡಿದವರ ಹೆಸರೂ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ‘ಜಾನಪದ ಗೀತೆ, ಭಾಗ 2’ ಎಂದಷ್ಟೇ ಇರುತ್ತದೆ.

ಹಾಗಾದರೆ ಪುಕ್ಕಟೆ ಕೇಳಿದರೆ ಅವರಿಗೆ ಹೆಚ್ಚು ಸಿಗುತ್ತದೆಯೇ ಎಂಬುದು ಸರಿಯಾದ ಆಕ್ಷೇಪ. ಇಲ್ಲ. ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡ ಕಾಲದಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಜಾಹೀರಾತು ಕೇಳಿದರೆ ಹಕ್ಕುದಾರರಿಗೆ ಅಷ್ಟಿಷ್ಟು ಸಿಗುತ್ತದೆ, ಚಂದಾದಿಂದ ಅದಕ್ಕಿಂತ ಹೆಚ್ಚು. ಚಿತ್ರಗೀತೆಯ ಮಟ್ಟಿಗೆ ಚಂದಾ ಕಟ್ಟುವುದೇ ನ್ಯಾಯವಾದ ದಾರಿ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಪಾಲು ಉಂಟು. ಕಂಪ್ಲಿ ಕಡೆ ಭತ್ತದ ಚೀಲ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿ ಅಬ್ಬರಿಸುವ ಹೊಸ ಜಾನಪದ ಹಾಡುಗಳ ಹುಡುಗರೂ ಯೂಟ್ಯೂಬಿನ ಎಣಿಕೆಯನ್ನು ಚೆನ್ನಾಗಿಯೇ ಕಲಿತಿದ್ದಾರೆ. ಅವರ ಹಾಡೇ ಚಿಕ್ಕದು, ಮೊದಲ ಸೊಲ್ಲಿಗೇ ಹಿಡಿಯುತ್ತದೆ. ಈ ಪದ್ಧತಿಯಿಂದ ಸೋಲುವುದು ನಿಧಾನದ ಕಲೆ. ಅದನ್ನು ಉಳಿಸಬೇಕೆಂದಿರುವವರು ಚಂದಾದ ರಸೀದಿ ತೋರಿಸಿ ಸುಮ್ಮನಾಗುವಂತಿಲ್ಲ. ಮನೆಯ ಕಾರ್ಯಕ್ಕೆ ಮೇಳವನ್ನು ಕರೆಸಿ ಸಂಭಾವನೆ ಕೊಟ್ಟರೆ, ವರ್ಷದ ಚಂದಾದಷ್ಟು ದುಡ್ಡು ನಡುವೆ ಯಾರ ಕೈಗೂ ಸಿಗದೆ ಹಾಡಿದವರನ್ನೇ ಮುಟ್ಟುತ್ತದೆ. ದೇವರನಾಮ ಕೇಳುವವರಿಗೆ ಹೊಸಪೇಟೆ ಆಕಾಶವಾಣಿ ಇದೆ, ಹಂಪಿಯ ಪುರಂದರ ಮಂಟಪದ ಆರಾಧನೆಯೂ ಇದೆ.

ಹಂಪಿ ಸುತ್ತಿನ ಹೋಂಸ್ಟೇ, ಹೋಟೆಲಿನವರಿಗೆ ಒಂದು ಮಾತು: ಈ ಚಂದಾ ಸ್ವಂತ ಕಿವಿಗೆ ಮಾತ್ರ. ಗಿರಾಕಿಗಳಿಗೆ ಕೇಳಿಸಲು ಬೇರೆಯೇ ಪರವಾನಗಿ ಬೇಕು. ಮದುವೆ ಮೆರವಣಿಗೆಗೆ ಕಾನೂನೇ ವಿನಾಯಿತಿ ಕೊಟ್ಟಿದೆ, ಅದು ಬೇರೆ. ಮನೆಮಂದಿಗೆಲ್ಲ ಸೇರಿ ಕಟ್ಟುವ ಫ್ಯಾಮಿಲಿ ಪ್ಲಾನ್ ಅಗ್ಗ ಎನ್ನುವುದು ನಿಜ, ಆದರೆ ಅಂಥ ಪ್ಲಾನ್‌ಗಳಲ್ಲಿ ಎಲ್ಲರೂ ಒಂದೇ ವಿಳಾಸದಲ್ಲಿರಬೇಕೆಂಬ ಷರತ್ತು ಇರುವುದುಂಟು. ಅಪ್ಪ ಅಮ್ಮ ಕಂಪ್ಲಿಯಲ್ಲಿ, ಮಗ ಬೆಂಗಳೂರಲ್ಲಿ ಇದ್ದರೆ ಹೊಂದುವುದಿಲ್ಲ. ನನಗೆ ಸರಿಕಂಡದ್ದು ವರ್ಷದ ಚಂದಾ ಬಿಟ್ಟು, ಓಡಾಟ ಹೆಚ್ಚಿರುವ ತಿಂಗಳಿಗಷ್ಟೇ ಕಟ್ಟುವುದು. ನಿಲ್ಲಿಸಿದರೂ ನಮ್ಮ ಹಾಡಿನ ಪಟ್ಟಿ ಖಾತೆಯಲ್ಲಿ ಹಾಗೇ ಉಳಿಯುತ್ತದೆ, ಡೌನ್‌ಲೋಡ್ ಮಾತ್ರ ಹೋಗುತ್ತದೆ. ಕಟ್ಟುವಾಗ ಯುಪಿಐ ಆಟೊಪೇಗೆ ಒಪ್ಪಿಗೆ ಕೊಟ್ಟಿದ್ದರೆ, ದುಡ್ಡು ಕಡಿತವಾಗುವ ಮುನ್ನಾದಿನ ಬರುವ ಮೆಸೇಜನ್ನು ಓದಿ, ಬೇಡವಾದರೆ ಆವತ್ತೇ ರದ್ದು ಮಾಡಬೇಕು.