ನನ್ನ ಫೋನಿನ ಫೈಲು ನನಗೇ ಏಕೆ ಸಿಗುವುದಿಲ್ಲ?

ಪ್ರಶ್ನೆ: ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಫೋನಿನ ಒಂದು ರೆಕಾರ್ಡಿಂಗ್ ಆ್ಯಪ್‌ನಲ್ಲಿ ಮುದ್ರಿಸಿಕೊಂಡಿದ್ದೇನೆ. ಆ್ಯಪ್ ತೆರೆದರೆ ಹಾಡು ಕೇಳುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ‘ಆಂಡ್ರಾಯ್ಡ್’ ಫೋಲ್ಡರಿನ ಒಳಗಿರುವ ‘ಡೇಟಾ’ ಫೋಲ್ಡರಿಗೆ ಹೋದರೆ ಮಾತ್ರ ಏನೂ ಕಾಣುವುದಿಲ್ಲ. ಹಳೆಯ ಫೋನಿನಲ್ಲಿ ಎಲ್ಲವೂ ಕಾಣುತ್ತಿತ್ತು. ದುಡ್ಡು ಕೊಟ್ಟು ಕೊಂಡವಳಿಗೇ ಈ ತಡೆ ಏಕೆ?

ಉತ್ತರ: ಹಾಡುಗಳು ಫೋನಿನಲ್ಲೇ ಇವೆ, ಗಾಬರಿ ಬೇಡ. ಆದರೆ ನಕಲು ತೆಗೆದುಕೊಳ್ಳುವವರೆಗೆ ಆ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಡೇಟಾ ಫೋಲ್ಡರಿನಲ್ಲಿ ಅದು ಇಟ್ಟುಕೊಂಡದ್ದೆಲ್ಲ ಅದರ ಜತೆಗೇ ಅಳಿಸಿಹೋಗುತ್ತದೆ.

ಮೊದಲು ಆಂಡ್ರಾಯ್ಡ್‌ನಲ್ಲಿ ‘ಸ್ಟೋರೇಜ್’ ಅನುಮತಿಗೆ ಒಮ್ಮೆ ಒಪ್ಪಿದರೆ ಸಾಕಿತ್ತು. ಯಾವುದೋ ಟಾರ್ಚ್ ಆ್ಯಪ್ ಕೂಡ ನಿಮ್ಮ ಮನೆಯವರ ಫೋಟೊ, ಆಧಾರ್ ಕಾರ್ಡಿನ ಪ್ರತಿ, ಡೌನ್‌ಲೋಡ್ ಮಾಡಿಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಓದಬಹುದಿತ್ತು. ಇದನ್ನು ತಡೆಯಲು ಗೂಗಲ್ 2019ರ ಆಂಡ್ರಾಯ್ಡ್ 10ರಲ್ಲಿ ‘ಸ್ಕೋಪ್ಡ್ ಸ್ಟೋರೇಜ್’ ತಂದಿತು. ಮರುವರ್ಷ ಆಂಡ್ರಾಯ್ಡ್ 11ರಲ್ಲಿ ಅದು ಬಿಗಿಯಾಯಿತು. ಒಂದು ಆ್ಯಪ್ ಡೇಟಾ ಫೋಲ್ಡರಿನಲ್ಲಿ ಇಟ್ಟದ್ದನ್ನು ಇನ್ನೊಂದು ನೋಡುವಂತಿಲ್ಲ. ‘ಎಲ್ಲ ಫೈಲುಗಳ’ ಅನುಮತಿಯನ್ನು ನೀವೇ ಕೊಟ್ಟರೂ ಆ ಫೋಲ್ಡರು ತೆರೆಯುವುದಿಲ್ಲ. ಕೆಲವು ಫೈಲ್ ಮ್ಯಾನೇಜರ್‌ಗಳು ಹುಡುಕಿಕೊಂಡಿದ್ದ ಒಳದಾರಿಗಳೂ ಮುಂದಿನ ಆವೃತ್ತಿಗಳಲ್ಲಿ ಮುಚ್ಚಿದವು.

ಕಾರಣ ಸರಿಯಾದದ್ದೇ. ಆದರೆ ಫೋನಿನ ಲೆಕ್ಕದಲ್ಲಿ ನೀವು ಹಾಕಿಕೊಂಡ ಫೈಲ್ ಮ್ಯಾನೇಜರ್ ಕೂಡ ಹೊರಗಿನ ಇನ್ನೊಂದು ಆ್ಯಪ್ ಅಷ್ಟೆ. ಕಳ್ಳನಿಗೆ ಹಾಕಿದ ಬೀಗದ ಕೀಲಿಯನ್ನು ಮನೆಯೊಡತಿಗೂ ಕೊಟ್ಟಿಲ್ಲ. ಎಚ್ಚರಿಕೆ ಕೊಟ್ಟು, ಪಿನ್ ಕೇಳಿ, ಆಮೇಲೆ ತೆರೆಯಲು ಬಿಡಬಹುದಿತ್ತು. ಅಂಥ ದಾರಿ ಇಡದಿರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಎಲ್ಲ ಫೈಲುಗಳ ಅನುಮತಿಯಾದರೂ ಕೇಳಿದವರಿಗೆಲ್ಲ ಸಿಗುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿರುವ ಯಾವ ಆ್ಯಪ್ ಅದನ್ನು ನಿಮ್ಮಲ್ಲಿ ಕೇಳಬಹುದು ಎಂಬುದನ್ನು ಮೊದಲು ಗೂಗಲ್ ತೀರ್ಮಾನಿಸುತ್ತದೆ. ಫೈಲುಗಳನ್ನು ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳಲು ನೆರವಾಗುವ ಜರ್ಮನಿಯ ನೆಕ್ಸ್ಟ್‌ಕ್ಲೌಡ್‌ಗೆ ಈ ಅನುಮತಿ ನಿಂತುಹೋಗಿತ್ತು. ಬಳಕೆದಾರರು ಒಪ್ಪಿದರೂ ಅವರ ಅನೇಕ ಬಗೆಯ ಫೈಲುಗಳು ಅಪ್‌ಲೋಡ್ ಆಗುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಕಂಪನಿ ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಗೂಗಲ್ ಅನುಮತಿ ಮರಳಿಸಲು ಒಪ್ಪಿತು. ಐಫೋನಿನಲ್ಲಂತೂ ಒಂದು ಆ್ಯಪ್‌ನ ಫೈಲು ಇನ್ನೊಂದಕ್ಕೆ ಸಿಗದಿರುವುದು ಮೊದಲಿನಿಂದಲೂ ಇದೆ. ಅಲ್ಲಿ ‘ಫೈಲ್ಸ್’ ಎಂಬ ಆ್ಯಪ್ ಬಂದದ್ದೇ 2017ರಲ್ಲಿ.

ಈಗ ನಿಮ್ಮ ಹಾಡುಗಳ ಮಾತು. ರೆಕಾರ್ಡಿಂಗ್ ಆ್ಯಪ್‌ನ ಒಳಗೇ ‘ಶೇರ್’ ಅಥವಾ ‘ಎಕ್ಸ್‌ಪೋರ್ಟ್’ ಇದೆಯೇ ನೋಡಿ. ಇದ್ದರೆ ಹಾಡುಗಳನ್ನು ‘ಮ್ಯೂಸಿಕ್’ ಫೋಲ್ಡರಿಗೆ ಉಳಿಸಿ, ಅಲ್ಲಿಂದ ಕಂಪ್ಯೂಟರಿಗೆ ನಕಲು ಮಾಡಿ. ಇಲ್ಲದಿದ್ದರೆ ಯುಎಸ್‌ಬಿ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಫೋನಿನಲ್ಲಿ ಕಾಣದ ಡೇಟಾ ಫೋಲ್ಡರು ಅನೇಕ ಫೋನುಗಳಲ್ಲಿ ಹೀಗೆ ತೆರೆಯುತ್ತದೆ. ನಕಲು ಮಾಡಿದ ಮೇಲೆ ಒಂದೊಂದು ಹಾಡನ್ನೂ ಕಂಪ್ಯೂಟರಿನಲ್ಲಿ ಹಾಕಿ ಕೇಳಿ, ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಮಾಡಿ. ಈ ಕೆಲಸವನ್ನು ದಯವಿಟ್ಟು ಇವತ್ತೇ ಮುಗಿಸಿ.