ಮರೆಯಲ್ಲಿರುವ ಆಟಗಳು: ಹುಡುಕುವ ಬಗೆ, ಹಂಚುವ ಬಗೆ

ಸೀತೂರಿನ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವನ್ನು ಹತ್ತಿ ನೋಡಿದರೆ ಒಮ್ಮೊಮ್ಮೆ ಧೂಳು ಹಿಡಿದ ಮರದ ಮಣೆಯೊಂದು ಕಣ್ಣಿಗೆ ಬೀಳುವುದುಂಟು. ಎರಡು ಸಾಲು, ಸಾಲಿಗೆ ಏಳರಂತೆ ಒಟ್ಟು ಹದಿನಾಲ್ಕು ಗುಳಿಗಳು. ಅದುವೇ ಚನ್ನೆಮಣೆ. ಗುಳಿಗೆ ನಾಲ್ಕರಂತೆ ಕಾಳುಗಳನ್ನಿಟ್ಟು, ಒಂದು ಗುಳಿಯ ಕಾಳುಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದು ಇದರ ಸಾಮಾನ್ಯ ಕ್ರಮ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ಮಲೆನಾಡಿನ ಮನೆಗಳಲ್ಲಿ ಇದು ಹೊತ್ತು ಕಳೆಯುವ ಸಾಧನವಾಗಿದ್ದಂತೆ, ಲೆಕ್ಕವನ್ನೂ ದೂರಾಲೋಚನೆಯನ್ನೂ ಕಲಿಸುವ ಪಾಠಶಾಲೆಯೂ ಆಗಿತ್ತು.

ನಮ್ಮ ಅಜ್ಜಿಯವರಿಗೆ ಈ ಮಣೆಯ ಮೇಲೆ ಮೂರು ಬಗೆಯ ಆಟಗಳು ತಿಳಿದಿದ್ದವು. ಎರಡನ್ನು ನಮಗೆ ಕಲಿಸಿದರು. ಮೂರನೆಯದು ಒಬ್ಬರೇ ಕುಳಿತು ಆಡುವಂಥದು. ಅವರು ಅದನ್ನು ಆಡುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಕೇಳಿ ಕಲಿತವರು ಮಾತ್ರ ಯಾರೂ ಇಲ್ಲ. ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮಣೆಯ ಮುಂದೆ ಕುಳಿತು ಒಬ್ಬೊಬ್ಬರು ಒಂದೊಂದು ಕ್ರಮವನ್ನು ಹೇಳಿದೆವು, ಯಾವುದೂ ಕೊನೆಮುಟ್ಟಲಿಲ್ಲ. ನೆರೆಯ ತಮಿಳುನಾಡಿನ ಪಲ್ಲಾಂಕುಳಿಯಲ್ಲಿಯೂ ಒಬ್ಬರೇ ಆಡುವ ಬಗೆಯೊಂದಿದ್ದು, ಅದಕ್ಕೆ ಸೀತೆಯ ಹೆಸರನ್ನಿಟ್ಟಿದ್ದಾರೆ. ನಮ್ಮ ಅಜ್ಜಿಯ ಆಟ ಅದೇ ಆಗಿತ್ತೋ ಬೇರೆಯೋ ಎಂದು ಹೇಳಬಲ್ಲವರು ಈಗ ಉಳಿದಿಲ್ಲ. ಮಣೆ ಉಳಿಯಿತು, ಕಾಳು ಉಳಿಯಿತು, ಆಟ ಹೋಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ನಾಡಿನಲ್ಲಿಯೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳನ್ನು ಕಲ್ಪಿಸುವುದರಲ್ಲಿ ಮಹಾ ಆಸಕ್ತರು. ಅವರ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಗಂಜೀಫಾ ಎಲೆಗಳ ಆಟಗಳು ನಿರೂಪಿತವಾಗಿವೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಅವರ ಆಟದ ಮಣೆಗಳ ಚಿತ್ರಗಳಿವೆ. ಬರೆದಿಟ್ಟುದು, ಹಂಚಿದುದು ಉಳಿಯುತ್ತದೆ. ಒಬ್ಬರ ನೆನಪಿನಲ್ಲಿ ಮಾತ್ರ ಇದ್ದುದು ಅವರೊಡನೆಯೇ ಅಳಿಯುತ್ತದೆ. ಈ ಪಾಠವನ್ನು ಇಂದಿನ ಮಕ್ಕಳ ಕೈಯಲ್ಲಿರುವ ವಿಡಿಯೋ ಆಟಗಳಿಗೂ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಸ್ವತಂತ್ರ ಆಟವೆಂದರೇನು?

ವಿಡಿಯೋ ಆಟಗಳೆಂದೊಡನೆ ನೂರಾರು ಜನ ದುಡಿದು, ಕೋಟಿಗಟ್ಟಲೆ ಹಣ ಸುರಿದು, ಊರೂರಿಗೆ ಜಾಹೀರಾತು ಮಾಡಿದ ಆಟಗಳೇ ನೆನಪಿಗೆ ಬರುತ್ತವೆ. ಆದರೆ ಒಬ್ಬನೇ ಅಥವಾ ನಾಲ್ಕಾರು ಮಂದಿ ಕೂಡಿ, ದೊಡ್ಡ ಪ್ರಕಾಶಕರ ಹಂಗಿಲ್ಲದೆ ರಚಿಸಿದ ಆಟಗಳೂ ಅಸಂಖ್ಯಾತವಾಗಿವೆ. ಇವನ್ನು ‘ಇಂಡೀ’ ಆಟಗಳೆನ್ನುವರು. ನಾವು ಸ್ವತಂತ್ರ ಆಟಗಳೆನ್ನಬಹುದು.

ಜಪಾನಿನ ಡೈಸುಕೆ ಅಮಾಯಾ ಎಂಬುವರು ಐದು ವರ್ಷಗಳ ಕಾಲ ಬಿಡುವಿನ ವೇಳೆಯಲ್ಲಿ ಒಬ್ಬರೇ ದುಡಿದು ‘ಕೇವ್ ಸ್ಟೋರಿ’ ಎಂಬ ಆಟವನ್ನು ರಚಿಸಿ 2004ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದನ್ನು ಮೆಚ್ಚಿದ ಅಭಿಮಾನಿಗಳು ತಾವಾಗಿಯೇ ಇಂಗ್ಲಿಷಿಗೆ ಅನುವಾದಿಸಿದುದರಿಂದ ಅದು ಲೋಕಕ್ಕೆಲ್ಲ ಪರಿಚಿತವಾಯಿತು. ಅಮೆರಿಕದ ಎರಿಕ್ ಬರೋನ್ ಒಬ್ಬರೇ ಕುಳಿತು ವರ್ಷಗಟ್ಟಲೆ ರಚಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರಲ್ಲಿ ಹೊರಬಂದಿತು. ಅದರಲ್ಲಿ ಆಟಗಾರನ ಮುಖ್ಯ ಕೆಲಸ ಯುದ್ಧವಲ್ಲ. ತಾತ ಬಿಟ್ಟುಹೋದ ಹೊಲವನ್ನು ಹಸನು ಮಾಡುವುದು, ಊರವರೊಡನೆ ಸ್ನೇಹದಿಂದ ಬಾಳುವುದು.

ನಮ್ಮ ದೇಶದಲ್ಲಿ

ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ ಆರಂಭವಾಯಿತು. ನಮ್ಮ ತರುಣ ಕಲಾವಿದರು ಅಲ್ಲಿ ವಿದೇಶೀ ಆಟಗಳಿಗಾಗಿ ದುಡಿದು ಪರಿಣತಿ ಗಳಿಸಿದರು. ಅನ್ಯರ ಕಥೆಗೆ ಕೈಯಾಗುವುದು ಒಂದು. ತಮ್ಮ ಕಥೆಯನ್ನು ತಾವೇ ಹೇಳುವುದು ಇನ್ನೊಂದು. ಪುಣೆಯ ನಾಡಿಂಗ್ ಹೆಡ್ಸ್ ತಂಡದವರು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದಲ್ಲಿ ಬಾಲಿಕೆಯೊಬ್ಬಳು ಅಸುರರು ಹೊತ್ತೊಯ್ದ ತಮ್ಮನನ್ನು ಅರಸಿ ಹೊರಡುತ್ತಾಳೆ. 2017ರಲ್ಲಿ ಸಾರ್ವಜನಿಕರಿಂದ ವಂತಿಗೆ ಕೂಡಿಸಲು ಹೊರಟಾಗ ನಿರೀಕ್ಷಿಸಿದ ಮೊತ್ತ ಬರಲಿಲ್ಲ; ಆದರೂ ಅವರು ಕೈಬಿಡಲಿಲ್ಲ.

ಕೆನಡಾದ ಟೊರಾಂಟೊದಲ್ಲಿ ರಚಿತವಾಗಿ 2023ರಲ್ಲಿ ಬಂದ ‘ವೆಂಬಾ’ ಎಂಬ ಕಿರು ಆಟವನ್ನಂತೂ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪರದೇಶದಲ್ಲಿರುವವರು ನೋಡಲೇಬೇಕು. 1980ರ ದಶಕದಲ್ಲಿ ಅಲ್ಲಿಗೆ ಹೋದ ತಮಿಳು ಕುಟುಂಬದ ಕಥೆಯದು. ತಾಯಿಯ ಕೈಬರಹದ ಅಡುಗೆಯ ಪುಸ್ತಕ ಹರಿದು ಅಕ್ಷರಗಳು ಅಳಿಸಿಹೋಗಿವೆ. ಆಟಗಾರನು ಯುಕ್ತಿಯಿಂದ ಊಹಿಸಿ ಇಡ್ಲಿ ಮೊದಲಾದ ಅಡುಗೆಗಳನ್ನು ಪೂರ್ಣಗೊಳಿಸಬೇಕು. ಇದನ್ನು ನೋಡಿದಾಗ ನನಗೆ ಅಜ್ಜಿಯ ಮೂರನೆಯ ಆಟ ನೆನಪಾಯಿತು. ಅಳಿಸಿದ ಅಕ್ಷರಗಳ ನೋವು ಎಲ್ಲೆಡೆಯೂ ಒಂದೇ.

ಹುಡುಕುವ ಬಗೆ

ಜಾಹೀರಾತಿಲ್ಲದ ಆಟವನ್ನು ಕಾಣುವುದು ಹೇಗೆ? ಮೊದಲನೆಯದಾಗಿ, ಆಟದ ಹೆಸರಿನ ಜೊತೆಗೆ ರಚಿಸಿದವರ ಹೆಸರನ್ನೂ ಗಮನಿಸಬೇಕು. ಒಳ್ಳೆಯ ಲೇಖಕನ ಒಂದು ಪುಸ್ತಕವನ್ನೋದಿದವನು ಇನ್ನೊಂದನ್ನು ಹುಡುಕುವಂತೆ ಇಲ್ಲಿಯೂ ಸಾಗಬೇಕು. ಎರಡನೆಯದಾಗಿ, 2013ರಲ್ಲಿ ಆರಂಭವಾದ ‘ಇಚ್’ ಎಂಬ ತಾಣದಲ್ಲಿ ರಚನಕಾರರು ತಾವೇ ಬೆಲೆ ಕಟ್ಟಿ, ಕೆಲವೊಮ್ಮೆ ಕೊಟ್ಟಷ್ಟು ಕೊಡಿರೆಂದು ತಮ್ಮ ಆಟಗಳನ್ನು ಇಡುತ್ತಾರೆ. ಮೂರನೆಯದಾಗಿ, ‘ಗೇಮ್ ಜಾಮ್’ ಎಂಬ ಕೂಟಗಳನ್ನು ಗಮನಿಸಬೇಕು. 2009ರಿಂದ ನಡೆದುಬಂದಿರುವ ಗ್ಲೋಬಲ್ ಗೇಮ್ ಜಾಮ್‌ನಲ್ಲಿ ಹಲವು ದೇಶಗಳ ಜನ ಅಲ್ಪ ಅವಧಿಯಲ್ಲಿ, ಕೊಟ್ಟ ವಿಷಯದ ಮೇಲೆ ಆಟ ಕಟ್ಟುತ್ತಾರೆ. ಆಶುಕವಿತೆಯಂತೆ ಅವುಗಳಲ್ಲಿ ಕೆಲವು ಒರಟು, ಕೆಲವು ರತ್ನ.

ಇಲ್ಲಿ ಅಧ್ಯಾಪಕರು ಒಂದು ವಿವೇಚನೆಯನ್ನು ಮಕ್ಕಳಿಗೆ ಕಲಿಸತಕ್ಕದ್ದು. ಮುಗಿಯುವ ಆಟ ಬೇರೆ. ಮುಗಿಯದಂತೆ ಹೂಡಿ, ಹೆಜ್ಜೆಹೆಜ್ಜೆಗೂ ಹಣ ಕೇಳುವ ಆಟ ಬೇರೆ. ಪಣವೊಡ್ಡುವುದು ಜೂಜು, ಅದರ ದುಷ್ಫಲವನ್ನು ಮಹಾಭಾರತ ಕಾಲದಿಂದಲೂ ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಕಾಯಿದೆ ಬೇಡವೆನ್ನುವುದನ್ನಷ್ಟೇ ಹೇಳಬಲ್ಲುದು. ಯಾವುದು ಬೇಕು ಎಂಬುದನ್ನು ತೋರಿಸುವ ಹೊಣೆ ಹಿರಿಯರದು.

ಹಂಚುವ ಬಗೆ

‘ಅಮಂಗ್ ಅಸ್’ ಎಂಬ ಆಟ 2018ರಲ್ಲಿಯೇ ಬಂದಿತ್ತು. ಎರಡು ವರ್ಷಗಳ ಕಾಲ ಅದನ್ನು ಕೇಳಿದವರು ವಿರಳ. 2020ರಲ್ಲಿ ಕೆಲವರು ತಾವು ಆಡುವುದನ್ನು ಇತರರಿಗೆ ತೋರಿಸಿದ ಮೇಲೆ ಅದು ಜಗತ್ತಿನ ಮನೆಮಾತಾಯಿತು. ಆಟದ ಸತ್ತ್ವ ಮೊದಲೇ ಇತ್ತು. ಕೊರತೆಯಿದ್ದುದು ಹೇಳುವ ಬಾಯಿಗೆ.

ಹೇಳದಿದ್ದರೆ ಆಗುವ ನಷ್ಟವೂ ಸಣ್ಣದಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಈಗ ಮಾರಾಟದಲ್ಲಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ‘ಫ್ಲ್ಯಾಶ್’ ಎಂಬ ತಂತ್ರಾಂಶವನ್ನು 2020ರ ಕೊನೆಯಲ್ಲಿ ನಿಲ್ಲಿಸಿದಾಗ ಅದರಲ್ಲಿ ರಚಿತವಾಗಿದ್ದ ಸಹಸ್ರಾರು ಕಿರು ಆಟಗಳು ಮೂಕವಾದವು. 2018ರಿಂದಲೇ ‘ಫ್ಲ್ಯಾಶ್‌ಪಾಯಿಂಟ್’ ಎಂಬ ಹೆಸರಿನಲ್ಲಿ ಅವುಗಳನ್ನು ಸಂಗ್ರಹಿಸತೊಡಗಿದ ಸ್ವಯಂಸೇವಕರಿಂದಾಗಿ ಅನೇಕವು ಉಳಿದವು.

ಆದುದರಿಂದ ಒಂದು ಆಟವನ್ನು ಮತ್ತೊಬ್ಬರಿಗೆ ಹೇಳುವಾಗ ಐದು ಸಂಗತಿಗಳನ್ನು ಬರೆದಿಡುವುದು ಯೋಗ್ಯ: ಆಟದ ಹೆಸರು ಮತ್ತು ರಚಿಸಿದವರು, ಯಾವ ಯಂತ್ರದಲ್ಲಿ ನಡೆಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ವಯಸ್ಸಿಗೆ ತಕ್ಕುದು, ಅದರಲ್ಲಿ ತಮಗೆ ಹಿಡಿಸಿದ ಒಂದು ಮಾತು. ಹಂಚುವುದೆಂದರೆ ಕದ್ದ ಪ್ರತಿಯನ್ನು ಹಂಚುವುದಲ್ಲವೆಂಬುದನ್ನೂ ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಒಬ್ಬಂಟಿಯಾಗಿ ದುಡಿದವನ ಕೂಲಿಯನ್ನು ಕಸಿದುಕೊಂಡು ಅವನ ಆಟವನ್ನು ಹೊಗಳುವುದು ಸಲ್ಲದು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಸ್ವತಂತ್ರ ಆಟಗಳಲ್ಲಿ ಅನೇಕವು ಹಳೆಯ ಗಣಕಯಂತ್ರದಲ್ಲಿಯೂ ನಡೆಯುತ್ತವೆ. ಶಾಲೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಸಂಜೆ ಒಬ್ಬ ವಿದ್ಯಾರ್ಥಿ ಒಂದು ಆಟವನ್ನು ಪರಿಚಯಿಸಲಿ. ಅದರ ವಿವರವನ್ನು ಕನ್ನಡದಲ್ಲಿ ಒಂದು ದಫ್ತರಿನಲ್ಲಿ ಬರೆಯಲಿ. ಅದೇ ದಫ್ತರಿನ ಹಿಂಬದಿಯಿಂದ ತನ್ನ ಮನೆಯ ಹಿರಿಯರಿಂದ ಕೇಳಿ ತಿಳಿದ ಚನ್ನೆಮಣೆ, ಚೌಕಾಬಾರ, ಹುಲಿ-ಕುರಿ ಆಟದ ಕ್ರಮವನ್ನೂ ಬರೆಯಲಿ. ಎರಡು ಕಡೆಯಿಂದ ತುಂಬುತ್ತ ಬಂದ ಬರಹ ನಡುವೆ ಒಂದು ದಿನ ಕೂಡುವುದು. ಬಹುಶಃ ಆ ದಿನ ನಮ್ಮ ಮಲೆನಾಡಿನ ಮಗುವೊಂದು ತಾನೇ ಒಂದು ಆಟವನ್ನು ಕಟ್ಟಲು ಕೂತೀತು.

ನಮ್ಮ ಮನೆಯ ಮಣೆಯನ್ನು ನಾನು ಅಟ್ಟದಿಂದ ಇಳಿಸಿ ಒರೆಸಿ ಇಟ್ಟಿದ್ದೇನೆ. ಮೂರನೆಯ ಆಟವನ್ನು ಬಲ್ಲವರು ಈ ಪುಟಗಳನ್ನು ಓದುವವರಲ್ಲಿ ಯಾರಾದರೂ ಇದ್ದರೆ, ದಯಮಾಡಿ ಬಂದು ಕಲಿಸಬೇಕೆಂದು ಪ್ರಾರ್ಥನೆ.