ಬೀಗರೂಟಕ್ಕೂ ಒಂದು ನಿಯಮವಿದೆ

ಮಂಡ್ಯ, ಮದ್ದೂರು, ಮಳವಳ್ಳಿ ಪೇಟೆಗಳಲ್ಲಿ ಆರೋಗ್ಯ ನಿರೀಕ್ಷಕರು ಪ್ಲಾಸ್ಟಿಕ್ ಕವರ್ ಜಪ್ತಿ ಮಾಡಲು ಬಂದರೆ ಹೊರಡುವ ಮೊದಲ ಮಾತು, ‘ನಾನೊಬ್ಬನೇ ಸಿಕ್ಕಿದ್ನಾ ಸ್ವಾಮಿ?’ ಹಾಗೆ ಕೇಳಿದರೆ ದಂಡ ತಪ್ಪುವುದಿಲ್ಲ. ನಿಯಮ ತಿಳಿದಿದ್ದರೆ ತಪ್ಪೀತು.

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಮಾರುವುದಷ್ಟೇ ಅಲ್ಲ, ಬಳಸುವುದೂ ತಪ್ಪು. ಆದ್ದರಿಂದ ಸಂತೆಗೆ ಹೊರಡುವಾಗ ಬಟ್ಟೆ ಚೀಲ ಕೈಯಲ್ಲಿರಲಿ.

ಕಸವನ್ನು ಹಸಿ, ಒಣ ಎಂದು ಬೇರ್ಪಡಿಸಿ ಗಾಡಿಗೆ ಕೊಡುವುದು ಮನೆಯವರದೇ ಹೊಣೆ ಎಂದು ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಔಷಧಿಗಳನ್ನು ಪ್ರತ್ಯೇಕವಾಗಿಡಿ. ಡಯಾಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಡಿ. ಕಸವನ್ನು ಬೀದಿಗೆ ಎಸೆಯುವುದು, ಸುಡುವುದು, ನೀರಿಗೆ ಸುರಿಯುವುದು ಮೂರೂ ನಿಷಿದ್ಧ. ಶಿಂಷಾ ನದಿಯಾಗಲಿ, ವಿಶ್ವೇಶ್ವರಯ್ಯ ನಾಲೆಯಾಗಲಿ ಕಸದ ತೊಟ್ಟಿಯಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಬೀದಿಯಲ್ಲೋ ಖಾಲಿ ಸೈಟಿನಲ್ಲೋ ಶಾಮಿಯಾನ ಹಾಕಿ 100ಕ್ಕಿಂತ ಹೆಚ್ಚು ಜನರನ್ನು ಸೇರಿಸುವುದಾದರೆ ಕನಿಷ್ಠ 3 ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಆ ನಿಯಮಗಳು ಹೇಳಿದವು. ನಮ್ಮ ಕಡೆ ಬೀಗರೂಟಕ್ಕೆ ನೂರು ಜನ ಯಾವ ಲೆಕ್ಕ! ಬಾಡೂಟಕ್ಕೆ ಹೇಳುವಾಗಲೇ ಎಂಜಲೆಲೆ, ಮೂಳೆ ಸಾಗಿಸಲು ಗಾಡಿಗೂ ಹೇಳಿಬಿಡಿ.

ದಂಡ ಬಿದ್ದರೆ ಜಗಳಕ್ಕಿಳಿಯಬೇಡಿ. ಬಂದವರ ಗುರುತಿನ ಚೀಟಿ ನೋಡಿ, ರಸೀದಿ ಪಡೆದೇ ಹಣ ಕಟ್ಟಿ.